ಅಬ್ಬಾ ಮುಟ್ಟದ ಊರುಗಳು

ಹೋದ ತಿಂಗಳು ಉಣಕಲ್ಲಿನ ಏರಿನಲ್ಲಿ ಗಾಡಿಗಳ ಸಾಲು ನಿಂತಿತ್ತು. ನನ್ನ ಮುಂದಿನ ಕಾರಿನ ಬೆನ್ನಿಗೆ ಕಲಿಯುವವರ ಕೆಂಪು ‘ಎಲ್’ ಅಕ್ಷರ. ಒಳಗಿದ್ದವರು ಗಾಡಿ ಹಿಂದೆ ಜಾರದ ಹಾಗೆ ಕ್ಲಚ್ಚನ್ನು ಅರ್ಧ ಒತ್ತಿಕೊಂಡು ಒದ್ದಾಡುತ್ತಿದ್ದರು. ಎರಡೇ ನಿಮಿಷಕ್ಕೆ ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಎದ್ದಿತು. ಪಕ್ಕದ ಸ್ಕೂಟರಿನವರು ಮೂಗು ಮುಚ್ಚಿಕೊಂಡರು. ನಾನು ಮಾತ್ರ ಗಾಜು ಪೂರ್ತಿ ಇಳಿಸಿ ಆ ವಾಸನೆಯನ್ನು ಒಳಗೆ ಬಿಟ್ಟುಕೊಂಡೆ. ನಾಲ್ಕು ವರ್ಷದ ಹಿಂದಿನ ಒಂದು ಚಳಿಗಾಲ ನನ್ನ ಪಾಲಿಗೆ ಶುರುವಾದದ್ದು ಇದೇ ವಾಸನೆಯಿಂದ.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅಬ್ಬಾ ಒಂದು ಮಧ್ಯಾಹ್ನ ಗ್ಯಾರೇಜಿನಿಂದ ಬೇಗ ಬಂದರು. ಕೈ ತೊಳೆದರು, ಖಾಕಿ ಅಂಗಿಯನ್ನು ಗೂಟಕ್ಕೆ ಹಾಕಿದರು, “ಇನ್ನ ಮುಂದ ಮುನೀರ್ ನೋಡ್ಕೊಂತಾನ” ಎಂದರು. ಮುನೀರ್ ಎಂದರೆ ನನ್ನ ಚಾಚಾ, ಅಬ್ಬಾನ ತಮ್ಮ. ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿ ಇಬ್ಬರೂ ಸೇರಿ ಗ್ಯಾರೇಜು ನಡೆಸಿಕೊಂಡು ಬಂದವರು. ಗಿರಾಕಿಗಳೆಲ್ಲ ಅಬ್ಬಾನನ್ನು ‘ಕಿವಿ ಮಿಸ್ತ್ರಿ’ ಎಂದೇ ಕರೆಯುತ್ತಿದ್ದರು. ಬಾನೆಟ್ ಎತ್ತುವುದಿರಲಿ, ಗಾಡಿ ಓಣಿಯ ತಿರುವಿಗೆ ಬರುತ್ತಿದ್ದ ಹಾಗೆ ಸಪ್ಪಳ ಕೇಳಿ ಅದರ ರೋಗ ಹೇಳಿಬಿಡುತ್ತಿದ್ದರು. ಅಂಥವರನ್ನು ಯಾಕೆ ಕೆಲಸ ಬಿಟ್ಟಿರಿ ಎಂದು ಕೇಳಿದರೆ “ಸಾಕಾತು” ಎಂಬ ಒಂದೇ ಉತ್ತರ.

ಮನೆಯಲ್ಲಿ ಕೂತ ಮಿಸ್ತ್ರಿಯನ್ನು ಸಂಭಾಳಿಸುವುದು ಸುಲಭವಲ್ಲ. ಮೊದಲ ವಾರ ಮಿಕ್ಸರ್ ಬಿಚ್ಚಿದರು. ಎರಡನೇ ವಾರ ಹೊಲಿಗೆ ಮಷಿನ್. ಮೂರನೇ ವಾರ ಚೆನ್ನಾಗಿಯೇ ನಡೆಯುತ್ತಿದ್ದ ಫ್ಯಾನುಗಳನ್ನೆಲ್ಲ ಇಳಿಸಿ ಸಾಲಾಗಿ ನೆಲಕ್ಕೆ ಹರಡಿದಾಗ ಅಮ್ಮಿ ನನ್ನನ್ನು ಅಡುಗೆಮನೆಗೆ ಕರೆದಳು.

“ನಸೀಮಾ, ಇವರನ್ನ ಎಲ್ಲೆರೆ ಕರಕೊಂಡು ಹೋಗು. ಇಲ್ಲಾಂದ್ರ ನಾನ ಮನಿ ಬಿಟ್ಟು ಹೊಂಟೇನಿ.”

ಮನೆಯಲ್ಲಿ ನಾವು ಆಡುವುದು ಹುಬ್ಬಳ್ಳಿಯ ಉರ್ದು. ಅದರಲ್ಲಿ ಅರ್ಧಕ್ಕರ್ಧ ಕನ್ನಡ. ಆದರೆ ಗಾಡಿಯ ವಿಷಯ ಬಂತೆಂದರೆ ಅಬ್ಬಾ ಪೂರ್ತಿ ಕನ್ನಡಕ್ಕೆ ಹೊರಳುತ್ತಾರೆ. ಅದು ಗ್ಯಾರೇಜಿನ ಭಾಷೆ. ಅವರ ಹಿಂದೆಯೇ ಅಮ್ಮಿಯೂ ಹೊರಳುತ್ತಾಳೆ. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಹೀಗಾಗಿ ಆ ಚಳಿಗಾಲದ ಮಾತೆಲ್ಲ ನನ್ನ ನೆನಪಿನಲ್ಲಿ ಕನ್ನಡದಲ್ಲೇ ಉಳಿದಿದೆ.

ಆಗ ನನ್ನ ಹತ್ತಿರ ಒಂದು ಪುಟ್ಟ ಬಿಳಿ ಕಾರಿತ್ತು. ಅಬ್ಬಾನ ಹಳೆಯ ಗಿರಾಕಿಯೊಬ್ಬರು ಬಿಟ್ಟುಹೋದದ್ದನ್ನು ಅವರೇ ಹೊಸದರ ಹಾಗೆ ಮಾಡಿ ನನಗೆ ಕೊಟ್ಟಿದ್ದರು. ಲೈಸೆನ್ಸ್ ಬಂದು ಎರಡು ತಿಂಗಳಾಗಿತ್ತು. ಮೂವತ್ತಾರನೆಯ ವಯಸ್ಸಿನಲ್ಲಿ ಕಲಿತ ವಿದ್ಯೆ. ಮನೆಯಿಂದ ದೇಶಪಾಂಡೆ ನಗರದ ಶಾಲೆಗೆ, ಶಾಲೆಯಿಂದ ಮನೆಗೆ, ಅಷ್ಟೇ. ಬೈಪಾಸಿನ ಹೆಸರು ಕೇಳಿದರೆ ಕೀಲಿ ಕೆಳಗಿಡುತ್ತಿದ್ದೆ. ಎದುರಿಗೆ ಬರುವ ಲಾರಿಗಳೆಲ್ಲ ನನ್ನನ್ನೇ ಹುಡುಕಿಕೊಂಡು ಬರುತ್ತವೆ ಎನ್ನಿಸುತ್ತಿತ್ತು.

“ಹಳದಿ ತಲಿ ಕಲ್ಲಿನ ದಾರಿ ನಿನಗ ಬ್ಯಾಡ,” ಎಂದರು ಅಬ್ಬಾ. “ಅದು ನ್ಯಾಷನಲ್. ನೀ ಹಸರ ತಲಿ ಕಲ್ಲಿನ ದಾರಿ ಹಿಡಿ. ಸ್ಟೇಟ್ ಹೈವೇ. ಅಲ್ಲೆ ಎತ್ತಿನ ಬಂಡಿನೂ ಬರ್ತಾವ, ಕುರಿನೂ ಬರ್ತಾವ. ಎಲ್ಲಾರೂ ನಿನಗ ಕಲಸ್ತಾರ.”

ಮೊದಲ ರವಿವಾರ ಕುಂದಗೋಳದ ಮೇಲೆ ಹಾಯ್ದು ಲಕ್ಷ್ಮೇಶ್ವರದ ದಾರಿ ಹಿಡಿದೆವು. ಊರು ದಾಟುವುದರೊಳಗೆ ಎರಡು ಸಲ ಕ್ಲಚ್ ಸುಟ್ಟಿದ್ದೆ. ಅಬ್ಬಾ ಎಡಗಡೆಯ ಸೀಟಿನಲ್ಲಿ ನನ್ನ ಕಡೆಗೆ ಅರ್ಧ ತಿರುಗಿ ಕೂತಿದ್ದರು. ಒಂದು ಅಂಗೈ ಡ್ಯಾಶ್‌ಬೋರ್ಡಿನ ಮೇಲಿತ್ತು, ಕುದುರೆಯ ಕುತ್ತಿಗೆ ಸವರುವವರ ಹಾಗೆ. ಆಗಾಗ ಕೇಳುತ್ತಿದ್ದರು: “ಹೆಂಗ ಅನಸ್ತೈತಿ ಗಾಡಿ? ಏನರೆ ಸಪ್ಪಳ ಕೇಳಸ್ತೈತೇನು?” ಪಾಠ ಮಾಡುತ್ತಿದ್ದಾರೆ ಎಂದುಕೊಂಡು ನಾನು ಶ್ರದ್ಧೆಯಿಂದ ಉತ್ತರ ಕೊಡುತ್ತಿದ್ದೆ.

ಕಪ್ಪು ಮಣ್ಣಿನ ಎರೆಹೊಲಗಳಲ್ಲಿ ಹತ್ತಿ ಬಿಡಿಸುವ ಹೆಂಗಸರು ಸಾಲಾಗಿ ಬಾಗಿದ್ದರು. ಬಿಸಿಲಿಗೆ ಇನ್ನೂ ಕಾವಿರಲಿಲ್ಲ. ಅಬ್ಬಾ ಮಾತಿಗೆ ಶುರುಮಾಡಿದರು, ಮತ್ತೆ ನಿಲ್ಲಿಸಲೇ ಇಲ್ಲ.

“ಇಲ್ಲಿ ನೋಡು, ಈ ಸಣ್ಣ ಸೇತುವಿ. ಮೆಣಸಿನಕಾಯಿ ಲಾರಿದು ಆಕ್ಸಲ್ ತುಂಡಾಗಿತ್ತು. ಎರಡ ದಿನ ಸೀನಿಕೋತ ಕೆಲಸ ಮಾಡೇನಿ... ಆ ಬೇವಿನ ಗಿಡದ ಬುಡಕ ಒಂದು ಮದವಿ ದಿಬ್ಬಣ ನಿಂತಿತ್ತು. ರೇಡಿಯೇಟರ್ ಒಡದಿತ್ತು. ಮದುಮಗ ಪೇಟಾ ಬಿಚ್ಚಿ ಕೆರಿಯಿಂದ ನೀರು ಹೊತ್ತು ತಂದ... ಇಲ್ಲೆ ಒಬ್ಬ ಡಾಕ್ಟರು. ಗಾಡ್ಯಾಗ ಪೆಟ್ರೋಲ್ ಇಲ್ಲ ಅನ್ನೂದು ಗೊತ್ತಿಲ್ಲದ ನನಗ ಹುಬ್ಬಳ್ಳಿಯಿಂದ ಕರಿಸಿದ್ರು.”

ದಾರಿಯುದ್ದಕ್ಕೂ ಅವರಿಗೆ ಗೊತ್ತಿಲ್ಲದ ಗಿಡವಿಲ್ಲ, ತಿರುವಿಲ್ಲ. ಲಕ್ಷ್ಮೇಶ್ವರ ಹತ್ತಿರ ಬಂತು. ಇದ್ದಕ್ಕಿದ್ದ ಹಾಗೆ ಮಾತು ನಿಂತಿತು.

“ಮುಂದ ಹೆಂಗ ಹೋಗಬೇಕು ಅಬ್ಬಾ?”

“ಮುಂದ ನನಗ ಗೊತ್ತಿಲ್ಲ.”

“ಈ ದಾರಿಗೆ ನೂರು ಸಲ ಬಂದೀರಲ್ಲ?”

“ಬಂದೇನಿ. ಗಾಡಿ ಎಲ್ಲಿ ನಿಂತಿರತೈತಿ, ಅಲ್ಲೀತನಕ ಬಂದೇನಿ. ರಿಪೇರಿ ಆತಂದ್ರ ಅವರು ಊರಿಗೆ ಹೋಗ್ತಾರ, ನಾ ಹುಬ್ಬಳ್ಳಿಗೆ ಹೊಳ್ಳಿ ಬರ್ತೇನಿ. ಊರು ಮುಟ್ಟೂದು ನನ್ನ ಕೆಲಸ ಅಲ್ಲಲ್ಲ ಬೇಟಾ.”

ಅಷ್ಟು ಸಹಜವಾಗಿ ಹೇಳಿದರು. ಅರವತ್ತೆಂಟು ವರ್ಷದ ಮನುಷ್ಯ. ಸುತ್ತಲಿನ ಎಲ್ಲ ದಾರಿಗಳನ್ನು ಗುಂಡಿ ಗುಂಡಿಯಾಗಿ ಬಲ್ಲವರು. ಆ ದಾರಿಗಳ ಕೊನೆಯಲ್ಲಿ ಏನಿದೆ ಎಂದು ನೋಡಿಯೇ ಇರಲಿಲ್ಲ.

ಅವತ್ತು ಲಕ್ಷ್ಮೇಶ್ವರದ ಪೇಟೆಯಲ್ಲಿ ಅವರನ್ನು ನೋಡಬೇಕಿತ್ತು. ಶಾಲೆಯ ಪ್ರವಾಸಕ್ಕೆ ಬಂದ ಮಕ್ಕಳ ಹಾಗೆ ನಡೆದರು. ಹಳೆಯ ಕಲ್ಲಿನ ಗುಡಿಯ ಅಂಗಳದಲ್ಲಿ ನಿಂತು ಕಂಬಗಳ ಮೇಲೆ ಕೈಯಾಡಿಸಿ, “ಲೇತ್ ಮಷಿನ್ ಇಲ್ಲದ ಇಷ್ಟು ನುಣುಪಾಗಿ ಹೆಂಗ ತಿರವಿದರು?” ಎಂದು ಅಲ್ಲಿದ್ದ ಪೂಜಾರಪ್ಪನನ್ನು ಕೇಳಿದರು. ದರ್ಗಾದಲ್ಲಿ ಸ್ವಲ್ಪ ಹೊತ್ತು ಕೂತರು. ಮಿರ್ಚಿ ಭಜಿ ತಿಂದು ಎರಡು ಸಲ ಚಹಾ ಕುಡಿದರು. ವಾಪಸು ಬರುವಾಗ ನಾನು ಹೇಳಿದೆ: ಇನ್ನು ಪ್ರತಿ ರವಿವಾರ ನೀವು ಮುಟ್ಟದ ಒಂದು ಊರು.

“ಭಾಳ ಅದಾವ,” ಎಂದು ನಕ್ಕರು ಅಬ್ಬಾ.

ಮುಂದೆ ಸವಣೂರಿಗೆ ಹೋದೆವು. ಅಲ್ಲಿಯ ಮಠದಲ್ಲಿ ದೊಡ್ಡ ಹುಣಸೆ ಎಂದು ಕರೆಯುವ ಮೂರು ಭಾರೀ ಮರಗಳಿವೆ; ಹತ್ತು ಜನ ಕೈ ಕೈ ಹಿಡಿದರೂ ತಬ್ಬಲಾಗದಂಥವು. ಅಬ್ಬಾ ಒಂದರ ಸುತ್ತ ನಿಧಾನವಾಗಿ ಪ್ರದಕ್ಷಿಣೆ ಬಂದು, “ಇದಕ್ಕ ಜಾಕ್ ಹಚ್ಚೂದು ಎಲ್ಲಿ?” ಎಂದರು. ಆ ಮಾತನ್ನು ಮನೆಗೆ ಬಂದು ಅಮ್ಮಿಗೆ ಹೇಳಿದಾಗ ಅವಳು ನಗಲಿಲ್ಲ. “ನೀವಿಬ್ಬರ ನೋಡಿ ಬಂದ್ರ ಆತೇನು?” ಎಂದು ಮುಖ ಊದಿಸಿದಳು. ಮೂರನೆಯ ರವಿವಾರದಿಂದ ಹಿಂದಿನ ಸೀಟು ಅವಳದಾಯಿತು. ಜೊತೆಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಎಣ್ಣೆಗಾಯಿ, ಚಹಾದ ಥರ್ಮಾಸು, ಕೂರಲು ಒಂದು ಹಳೆಯ ಚಾದರ. ಸವದತ್ತಿಯ ಹತ್ತಿರ ಎರಡು ಗುಡ್ಡಗಳ ನಡುವೆ ಮಲಪ್ರಭೆಯ ನೀರು ನಿಂತದ್ದನ್ನು ನೋಡುತ್ತ ಆ ಚಾದರದ ಮೇಲೆ ಕೂತು ಉಂಡೆವು. ನನ್ನ ಚಿಕ್ಕಂದಿನಲ್ಲಿ ಗ್ಯಾರೇಜಿಗೆ ರಜೆ ಎಂಬುದೇ ಇರಲಿಲ್ಲ. ಮೂವರೂ ಹೀಗೆ ಹೊರಗೆ ಕೂತು ಉಂಡದ್ದು ಅದೇ ಮೊದಲು ಎಂದು ನನಗೆ ಹೊಳೆದಾಗ ಅಮ್ಮಿ ರೊಟ್ಟಿ ಮುರಿಯುತ್ತ ಅಬ್ಬಾನಿಗೆ ಏನೋ ಗದರುತ್ತಿದ್ದಳು, ಅಬ್ಬಾ “ಹೂಂ, ಹೂಂ” ಎನ್ನುತ್ತಿದ್ದರು.

ನನ್ನ ಕೈ ಪಳಗಿತು. ಕುರಿ ಹಿಂಡು ಬಂದರೆ ಹಾರ್ನ್ ಒತ್ತದೆ ಕಾಯುವುದನ್ನು ಕಲಿತೆ. ಡಿಸೆಂಬರಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ದಾರಿಗಿಳಿದವು. ಒಂದಕ್ಕೆ ಎರಡೆರಡು ಟ್ರೇಲರು, ಮುಗಿಲು ಮುಟ್ಟುವ ಹೊರೆ, ಕಿವಿ ಹರಿಯುವ ಹಾಡು. ಮೊದಲ ದಿನ ಅಂಥ ಒಂದರ ಹಿಂದೆ ಎಂಟು ಮೈಲಿ ಎರಡನೇ ಗೇರಿನಲ್ಲಿ ತೆವಳಿದೆ. ಹೊಸ ವರ್ಷ ಬರುವ ಹೊತ್ತಿಗೆ ಅವನ್ನು ಹಿಂದಿಕ್ಕುವಾಗ ಚಾಲಕರಿಗೆ ಕೈ ಬೀಸುವಷ್ಟು ಧೈರ್ಯ ಬಂದಿತ್ತು.

ಸಂಕ್ರಾಂತಿ ಕಳೆದ ಮೇಲಿನ ರವಿವಾರ ಬೈಲಹೊಂಗಲಕ್ಕೆಂದು ಹೊರಟೆವು. ಧಾರವಾಡ ದಾಟಿ ಉಪ್ಪಿನಬೆಟಗೇರಿಯ ದಾರಿ. ಎರಡೂ ಬದಿಗೆ ತೆನೆ ಹಿಡಿದ ಬಿಳಿಜೋಳ, ನಡುನಡುವೆ ಹಳದಿ ಹೂ ಬಿಟ್ಟ ಕುಸುಬಿ. ಅಬ್ಬಾ ಖುಷಿಯಲ್ಲಿದ್ದರು. ಉಪ್ಪಿನಬೆಟಗೇರಿ ದಾಟಿ ಸ್ವಲ್ಪ ಮುಂದೆ ಹೋದ ಮೇಲೆ ಮುಂದಿನ ಎಡಗಾಲಿಯ ಕಡೆಯಿಂದ ಒಂದು ಸಪ್ಪಳ ಶುರುವಾಯಿತು. ಮೊದಮೊದಲು ಸಣ್ಣಗೆ, ಆಮೇಲೆ ಜೋರಾಗಿ. ಅಬ್ಬಾ ಈಗ ಹೇಳುತ್ತಾರೆ, ಇನ್ನೇನು ಹೇಳುತ್ತಾರೆ ಎಂದು ಕಾದೆ. ಅವರು ಯಾವುದೋ ಹಳೇ ಬಸ್ಸಿನ ಕತೆ ಹೇಳುತ್ತಲೇ ಇದ್ದರು.

ಹಿಂದಿನಿಂದ ಅಮ್ಮಿ ಕೂಗಿದಳು: “ಏನ್ರೀ ಅದು ಸಪ್ಪಳ? ನಿಮ್ಮ ಬಾಜೂಕ ಬರಾಕತ್ತೈತಲ್ಲ!”

“ಏನ ಸಪ್ಪಳ?” ಎಂದರು ಅಬ್ಬಾ.

ನಾನು ಅವರ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. ನಗು ಆರಿಹೋಯಿತು. ಗಾಡಿಯನ್ನು ಬದಿಗೆ ತಂದು ನಿಲ್ಲಿಸಿದೆ.

ಆಮೇಲೆ ಅಬ್ಬಾ ತಾವಾಗಿಯೇ ಹೇಳಿದರು. ಎಡಗಿವಿ ಪೂರಾ ಹೋಗಿದೆ. ಬಲಗಿವಿಗೆ ಎದುರಿನವರ ಮಾತು ಕೇಳುತ್ತದೆ, ತುಟಿ ನೋಡಿದರೆ ತಿಳಿಯುತ್ತದೆ, ಸಣ್ಣ ಸಪ್ಪಳ ಯಾವುದೂ ಇಲ್ಲ. ಒಂದೂವರೆ ವರ್ಷವಾಯಿತು. ಮಳೆಗಾಲದಲ್ಲಿ ಒಬ್ಬ ಮಾಸ್ತರರು ಗಾಡಿ ತಂದು, ಗಾಲಿಯ ಹತ್ತಿರ ಏನೋ ಸಪ್ಪಳ ಎಂದಿದ್ದರು. ಅಬ್ಬಾ ಒಂದು ಸುತ್ತು ಓಡಿಸಿ ಬಂದು, ಏನೂ ಇಲ್ಲ, ಆರಾಮ ಹೋಗಿರಿ ಎಂದು ಕಳಿಸಿದ್ದರು. ಅವತ್ತೇ ಒಂದು ರೈಲ್ವೆ ಗೇಟಿನ ಹತ್ತಿರ ಬೇರಿಂಗ್ ಒಡೆದು, ಗಾಲಿ ಹಿಡಿದುಕೊಂಡು, ಗಾಡಿ ಹೊಲಕ್ಕಿಳಿದಿತ್ತು. ಒಳಗೆ ಮಾಸ್ತರರ ಇಬ್ಬರು ಮಕ್ಕಳಿದ್ದರು. ಯಾರಿಗೂ ಏನೂ ಆಗಲಿಲ್ಲ.

“ಅವರು ನನಗ ಬೈಲಿಲ್ಲ,” ಎಂದರು ಅಬ್ಬಾ. “ಬೈದಿದ್ರ ಛಲೋ ಇತ್ತು. ವಯಸ್ಸಾತಲ್ಲ ಮಿಸ್ತ್ರಿ, ಇರಲಿ ಅಂದ್ರು. ಅವತ್ತ ಅಂಗಿ ತಗದು ಗೂಟಕ್ಕ ಹಾಕಿದೆ.”

ಆ ಡ್ಯಾಶ್‌ಬೋರ್ಡಿನ ಮೇಲಿನ ಅಂಗೈ, ನನ್ನ ಕಡೆ ತಿರುಗಿ ಕೂರುವುದು, ‘ಏನರೆ ಸಪ್ಪಳ ಕೇಳಸ್ತೈತೇನು’ ಎಂಬ ಪ್ರಶ್ನೆ, ಎಲ್ಲಕ್ಕೂ ಒಮ್ಮೆಲೇ ಅರ್ಥ ಬಂತು. ಅಷ್ಟರಲ್ಲಿ ಹಿಂದಿನ ಸೀಟಿನಿಂದ ಅಮ್ಮಿ ಮುಂದಕ್ಕೆ ಬಾಗಿದಳು.

“ಹಂಗಾರ ಒಂದೂವರೆ ವರ್ಷದಿಂದ ನಾ ಹೇಳಿದ್ದಕ್ಕೆಲ್ಲ ಹೂಂ ಹೂಂ ಅಂದೀರಲ್ಲ, ಅದೆಲ್ಲ ಸುಳ್ಳೇನು?”

ಅಬ್ಬಾ ಅವಳ ಕಡೆ ತಿರುಗಿ, ಸ್ವಲ್ಪ ಯೋಚಿಸಿ, “ಹೂಂ” ಎಂದರು.

ಮೊದಲು ನಕ್ಕವಳು ಅಮ್ಮಿಯೇ. ಸೆರಗಿನಿಂದ ಕಣ್ಣು ಒರೆಸಿಕೊಂಡು ನಕ್ಕಳು; ನಗುವೋ ಅಳುವೋ ಎಂದು ನಾನು ವಿಚಾರಿಸಲು ಹೋಗಲಿಲ್ಲ.

“ಚಾಚಾಗ ಫೋನ್ ಮಾಡ್ತೇನಿ,” ಎಂದೆ.

“ತಡಿ. ಏನಾಗೈತಿ ಅಂತ ಗೊತ್ತಿಲ್ಲದ ಅವ ಏನ ತರಬೇಕು? ಸಪ್ಪಳ ಹೆಂಗ ಬರ್ತೈತಿ, ಮಾಡಿ ತೋರಸು.”

ಹದಿನಾಲ್ಕು ವರ್ಷ ಮಕ್ಕಳಿಗೆ ಪದ್ಯ ಓದಿಸಿದ ನಾನು ರಾಜ್ಯ ಹೆದ್ದಾರಿಯ ಪಕ್ಕದಲ್ಲಿ ನಿಂತು, ಅಬ್ಬಾನ ಬಲಗಿವಿಗೆ ಬಾಯಿ ಹಚ್ಚಿ “ಗುಂಯ್ಯ್” ಎಂದೆ. ಅವರು ತಲೆ ಅಲ್ಲಾಡಿಸಿದರು. “ಗರ್ರ್” ಎಂದೆ. ಇಷ್ಟರಲ್ಲಿ ಪಕ್ಕದ ಹೊಲದಿಂದ ಒಬ್ಬ ಟ್ರ್ಯಾಕ್ಟರ್ ನಿಲ್ಲಿಸಿ ಇಳಿದುಬಂದ. ಬಸಣ್ಣ ಎಂದು ಹೆಸರು. ಅವನ ಹಿಂದೆ ಅವನ ತಾಯಿ ನೀಲವ್ವ, ಉಡಿಯ ತುಂಬ ಹಸಿ ಕಡಲೆ. ವಿಷಯ ತಿಳಿದ ಮೇಲೆ ಅವರಿಬ್ಬರೂ ಕೆಲಸ ಮರೆತು ನಿಂತರು. ನಾನು ಗಾಡಿಯನ್ನು ಮೆಲ್ಲಗೆ ಓಡಿಸಿದೆ, ಬಸಣ್ಣ ಗಾಲಿಯ ಪಕ್ಕದಲ್ಲೇ ಬಾಗಿಕೊಂಡು ಓಡಿದ.

“ಕಾಕಾರ, ಜೇನಹುಳ ಎದ್ದಂಗ ಆಕ್ಕೈತಿ ನೋಡ್ರಿ, ಗೊಂಯ್ಯ್ ಅಂತ!”

“ಜೇನಲ್ಲೋ,” ಎಂದಳು ನೀಲವ್ವ. “ಹಿಟ್ಟಿನ ಗಿರಣಿ ಬರೂ ಮೊದಲ ನಾವು ಬೀಸ್ತಿದ್ವಲ್ಲ. ಕಾಳು ಮುಗದ ಮ್ಯಾಲೂ ಬೀಸೂ ಕಲ್ಲು ತಿರವಿದ್ರ ಹೆಂಗ ಸಪ್ಪಳ ಬರ್ತಿತ್ತು? ಕಲ್ಲಿಗೆ ಕಲ್ಲು ಹತ್ತಿ? ಹಂಗ ಐತ್ರೀ ಇದು.”

ಅಬ್ಬಾ ಅವಳ ತುಟಿಗಳನ್ನೇ ನೋಡುತ್ತಿದ್ದರು. “ಏನಂದಿ ಯವ್ವಾ? ಇನ್ನೊಮ್ಮೆ ಹೇಳು.”

ನೀಲವ್ವ ಈ ಸಲ ರಸ್ತೆಯ ಬದಿಗೆ ಕೂತು, ಬೀಸುವ ಕಲ್ಲಿನ ಗೂಟ ಹಿಡಿದವಳ ಹಾಗೆ ಕೈ ತಿರುವಿ ತೋರಿಸಿದಳು. ಅಬ್ಬಾನ ಮುಖದ ಮೇಲೆ ಬೆಳಕು ಬಂದದ್ದನ್ನು ನಾನು ಕಂಡೆ. ಚಿಕ್ಕಂದಿನಲ್ಲಿ ತಮ್ಮ ತಾಯಿ ಬೀಸುತ್ತಿದ್ದ ಸಪ್ಪಳ ಅವರಿಗೆ ನೆನಪಿತ್ತು. ಅದನ್ನು ಕೇಳಲು ಈಗಿನ ಕಿವಿ ಬೇಕಿರಲಿಲ್ಲ.

“ಬಲಕ್ಕ ತಿರವಿದಾಗ ಜಾಸ್ತಿ ಆಕ್ಕೈತೇನು ನೋಡು,” ಎಂದರು ನನಗೆ. ಓಡಿಸಿ ನೋಡಿದೆ, ಜಾಸ್ತಿಯಾಯಿತು. “ಎಡಕ್ಕ?” ಕಡಿಮೆಯಾಯಿತು. ಆಮೇಲೆ ಜಾಕ್ ಹಚ್ಚಿ ಗಾಲಿ ಎತ್ತಿಸಿದರು. ಬಸಣ್ಣ ಗಾಲಿಯನ್ನು ಕೈಯಿಂದ ತಿರುಗಿಸಿದ; ಅಬ್ಬಾ ಒಳಗೆ ಕೈ ತೂರಿಸಿ ಮೇಲಿನ ಸ್ಪ್ರಿಂಗಿನ ಮೇಲೆ ಎರಡು ಬೆರಳಿಟ್ಟು ಕಣ್ಣು ಮುಚ್ಚಿದರು.

“ಹಾಂ,” ಎಂದರು. “ಬೆರಳಿಗೆ ಕೇಳಿಸ್ತು. ಬೇರಿಂಗ್ ಒಣಗೈತಿ. ಬಾ, ನೀನೂ ಮುಟ್ಟಿ ನೋಡು.”

ನಾನೂ ಬೆರಳಿಟ್ಟೆ. ಉಸುಕಿನ ಮೇಲೆ ಬಟ್ಟಲು ಎಳೆದ ಹಾಗೆ ಒಂದು ಸಣ್ಣ ಜುಮ್ಮು.

ಚಾಚಾನಿಗೆ ಫೋನ್ ಮಾಡಿ ಬೇಕಾದ ಸಾಮಾನು ಹೇಳಿದೆವು. ಅವನು ಬರುವವರೆಗೆ ನೀಲವ್ವ ನಮ್ಮನ್ನು ಬಿಡಲಿಲ್ಲ. ಹೊಲದ ಬದುವಿನಲ್ಲಿ ಬೆಂಕಿ ಮಾಡಿ ಎಳೆ ಜೋಳದ ತೆನೆ ಸುಟ್ಟು, ತಿಕ್ಕಿ, ಸೀತನಿ ಮಾಡಿ ಬೆಲ್ಲದ ಜೊತೆ ಕೊಟ್ಟಳು. ಅಮ್ಮಿ ತನ್ನ ಬುತ್ತಿ ಬಿಚ್ಚಿದಳು. ಇಬ್ಬರೂ ಎಣ್ಣೆಗಾಯಿಗೆ ಗುರೆಳ್ಳು ಹಾಕಬೇಕೋ ಬೇಡವೋ ಎಂದು ವಾದಕ್ಕೆ ಬಿದ್ದರು. ಬಸಣ್ಣ ತನ್ನ ಟ್ರ್ಯಾಕ್ಟರ್ ಚಾಲೂ ಮಾಡಿ, “ಇದಕ್ಕೂ ಸ್ವಲ್ಪ ಬೆರಳು ಹಚ್ಚಿ ನೋಡ್ರಿ ಕಾಕಾರ,” ಎಂದು ಅಬ್ಬಾನನ್ನು ಕರೆದೊಯ್ದ.

ಚಾಚಾ ಬಂದವನೇ ಗಾಡಿಯನ್ನು ಒಂದು ಸುತ್ತು ಓಡಿಸಿ ಬಂದ. “ಭಾಯಿಜಾನ್, ಇದು ಬೇರಿಂಗ್ ಅಲ್ಲ. ಟೈರ್ ಒಂದು ಕಡಿ ಸವದೈತಿ, ಅದರ ಸಪ್ಪಳ ಇದು.”

“ಬಿಚ್ಚು,” ಎಂದರು ಅಬ್ಬಾ.

“ಖರೇ ಹೇಳ್ತೇನಿ, ನನ್ನ ಕಿವೀಲೆ ಕೇಳೇನಿ...”

“ನಾ ಬೆರಳೀಲೆ ಕೇಳೇನಿ. ಬಿಚ್ಚು ಮುನೀರ್.”

ಬಿಚ್ಚಿದ. ಬೇರಿಂಗಿನ ಒಳಗೆ ಗ್ರೀಸ್ ಎಂಬುದರ ಸುಳಿವಿಲ್ಲ. ಗುಂಡುಗಳು ತುಕ್ಕು ಹಿಡಿದು ಕುಳಿ ಬಿದ್ದಿದ್ದವು. ಚಾಚಾ ಅದನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ಅಣ್ಣನ ಎದುರಿಗೆ ಬಂದು, ತುಟಿ ಕಾಣುವ ಹಾಗೆ, ಒಂದೊಂದೇ ಮಾತು ಬಿಡಿಸಿ ಹೇಳಿದ:

“ನಾಳೆ ಗ್ಯಾರೇಜಿಗೆ ಬರ್ರಿ. ನಿಮ್ಮ ಕಿವಿ ಹೋಗೈತಿ ಅಂತ ನನಗ ಮೊದಲ ಗೊತ್ತಿತ್ತು. ನೀವಾಗಿ ಹೇಳಲಿ ಅಂತ ಕಾದೆ. ಸಪ್ಪಳ ನಾ ಕೇಳ್ತೇನಿ. ಉಳಿದದ್ದು ನೀವು ಹೇಳ್ರಿ.”

ಅವತ್ತು ಬೈಲಹೊಂಗಲಕ್ಕೆ ಹೋಗಲಾಗಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಹೊಸ ಬೇರಿಂಗಿನ ಗಾಡಿಯಲ್ಲಿ, ಡಿಕ್ಕಿಯ ತುಂಬ ನೀಲವ್ವ ತುರುಕಿದ ಕಡಲೆ ಗಿಡಗಳೊಂದಿಗೆ ಹುಬ್ಬಳ್ಳಿಗೆ ಬಂದೆವು.

ಮಾರನೆಯ ವಾರ ದೇಶಪಾಂಡೆ ನಗರದ ಒಬ್ಬ ಕಿವಿ ಡಾಕ್ಟರರ ಹತ್ತಿರ ಅಬ್ಬಾನನ್ನು ಕರೆದೊಯ್ದೆ. ಮೊದಲೇ ಬಂದಿದ್ದರೆ ಚೆನ್ನಾಗಿತ್ತು ಎಂದು ಅವರು ಗದರಿದರು. ಎಡಗಿವಿಗೆ ಏನೂ ಮಾಡುವ ಹಾಗಿರಲಿಲ್ಲ. ಬಲಗಿವಿಗೆ ಒಂದು ಪುಟ್ಟ ಮಷಿನ್ ಕೊಟ್ಟರು. ಅಬ್ಬಾ ಅದನ್ನು ಹಾಕಿಕೊಳ್ಳುವ ಮೊದಲು ಕನ್ನಡಕ ಏರಿಸಿ ಎಲ್ಲ ಬದಿಯಿಂದ ಪರೀಕ್ಷೆ ಮಾಡಿದರು. ಅದನ್ನೂ ಬಿಚ್ಚಿಬಿಡುತ್ತಾರೆ ಎಂದು ಅಮ್ಮಿ ಕೈ ಹಿಡಿದಳು. ಹಾಕಿಕೊಂಡು ನನ್ನ ಗಾಡಿಯಲ್ಲಿ ಕೂತ ಮೊದಲ ದಿನ, ಓಣಿ ದಾಟುವುದರೊಳಗೆ ಕೂಗಿದರು: “ಇಷ್ಟೆಲ್ಲಾ ಸಪ್ಪಳ ಮಾಡೂ ಡಬ್ಬಾದಾಗ ನೀ ನಮ್ಮನ್ನ ಕೂಡಿಸಿಕೊಂಡು ಊರೂರು ತಿರಗೀ ಏನು?” ಎರಡು ದಿನ ಗಾಡಿಯನ್ನು ಗ್ಯಾರೇಜಿನಲ್ಲೇ ಇಟ್ಟುಕೊಂಡರು. ಆ ನೆಪದಲ್ಲಿ ಗೂಟದ ಮೇಲಿನ ಖಾಕಿ ಅಂಗಿ ಕೆಳಗಿಳಿಯಿತು.

ಶಾಲೆಯ ಪರೀಕ್ಷೆ ಹತ್ತಿರ ಬಂದಿತ್ತು. ಆ ಚಳಿಗಾಲದ ಕೊನೆಯ ರವಿವಾರ ಹಳಿಯಾಳದ ಕಡೆ ಹೋದೆವು. ಧಾರವಾಡದ ಆಚೆ ಎರೆಹೊಲ ಮುಗಿದು, ಕೆಮ್ಮಣ್ಣು ಬಂದು, ಆಮೇಲೆ ಸಾಗವಾನಿಯ ಕಾಡು ಶುರುವಾಗುತ್ತದೆ. ಅಮ್ಮಿ ಚಹಾ ಕುಡಿಯಬೇಕು ಎಂದಳು. ನೆರಳು ನೋಡಿ ಗಾಡಿ ನಿಲ್ಲಿಸಿ, ಎಂಜಿನ್ ಬಂದ್ ಮಾಡಿದೆ. ಗಾಜುಗಳು ಇಳಿದಿದ್ದವು.

ಅಬ್ಬಾ ಬಟ್ಟಲು ಕೈಯಲ್ಲಿ ಹಿಡಿದು ಹಾಗೇ ಕೂತುಬಿಟ್ಟರು. ಸಾಗವಾನಿಯ ಒಣ ಎಲೆ ಒಂದೊಂದಾಗಿ ಬೀಳುತ್ತಿತ್ತು, ಪ್ರತಿಯೊಂದೂ ಹಪ್ಪಳ ಮುರಿದ ಹಾಗೆ. ಎಲ್ಲೋ ಒಳಗೆ ಒಂದು ಹಕ್ಕಿ ನಾಲ್ಕು ಸಲ ಕೂಗಿ ನಿಲ್ಲಿಸಿತು.

“ಅದೇನದು?” ಎಂದು ಪಿಸುಗುಟ್ಟಿದರು.

“ಹಕ್ಕಿ ಅಬ್ಬಾ.”

“ಯಾವ ಹಕ್ಕಿ?”

“ನನಗೂ ಗೊತ್ತಿಲ್ಲ.”

ಚಹಾ ಮುಗಿಯಿತು. ಹಳಿಯಾಳ ಇನ್ನೂ ದೂರವಿತ್ತು, ಅಮ್ಮಿ ಥರ್ಮಾಸು ಮುಚ್ಚಿ ಲಗೂನ ಹೋಗೋಣ ಎಂದಳು. ನಾನು ಕೀಲಿಗೆ ಕೈ ಹಾಕಿದೆ. ಅಬ್ಬಾ ಮೆಲ್ಲಗೆ ನನ್ನ ಕೈ ಹಿಡಿದರು.

“ತಡಿ ಬೇಟಾ,” ಎಂದರು. “ಗಾಡಿ ಚಾಲೂ ಮಾಡಬ್ಯಾಡ. ಅದು ಇನ್ನೊಮ್ಮೆ ಕೂಗಲಿ.”